ಭಾವನನ್ನು ಎಲ್ಲಿಗೆ ಕಳಿಸುವುದು

ಆ ಸೋಮವಾರ ಬೆಳಿಗ್ಗೆ ಪುಟ್ಟಿ ಹೆಗಲ ಬ್ಯಾಗನ್ನು ಇಳಿಸುವ ಮೊದಲೇ ಕಂಪ್ಯೂಟರಿನ ಪರದೆಗೆ ಕಣ್ಣು ಹಾಯಿಸಿದಳು. ಶುಕ್ರವಾರ ಸಂಜೆ ಓಡಲು ಬಿಟ್ಟು ಹೋಗಿದ್ದ ಲೆಕ್ಕ ಮುಗಿದಿತ್ತು. ಮುಂದಿನ ಋತುವಿನಲ್ಲಿ ಕಂಪನಿಯ ಯಾವ ವಿಮಾನ ಯಾವ ಊರಿಂದ ಯಾವ ಊರಿಗೆ ಹಾರುತ್ತದೆ, ಹಾರಿಸುವವರು ಯಾರು, ಅವರು ತಂಗುವುದು ಎಲ್ಲಿ ಎಂಬುದೆಲ್ಲ ಸಾಲುಸಾಲಾಗಿ ಬಂದು ಕೂತಿತ್ತು. ಕಡಲ ದಂಡೆಯ ಒಂದು ಊರಿನಲ್ಲಿ ಕಂಪನಿ ಹೊಸ ನೆಲೆ ತೆರೆಯಲಿತ್ತು. ಒಬ್ಬ ಕ್ಯಾಪ್ಟನ್ ಇಲ್ಲಿಂದ ವರ್ಗವಾಗಿ ಅಲ್ಲೇ ಮನೆ ಮಾಡಬೇಕು. ಆ ಸಾಲಿನಲ್ಲಿ ಇದ್ದದ್ದು ಅವಳ ಅಕ್ಕನ ಗಂಡನ ಹೆಸರು.

ಪುಟ್ಟಿ ಕುರ್ಚಿ ಎಳೆದುಕೊಂಡು ಕೂತು ಇನ್ನೊಮ್ಮೆ ಓದಿದಳು. ಅದೇ ಹೆಸರು.

ಕನ್ನಡಕ ಬಂದರೂ, ಕೈಕೆಳಗೆ ಜನ ಬಂದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯಾಗಿಯೇ ಉಳಿದಿದ್ದಳು. ಭಾವನೂ ಹಾಗೇ ಕರೆಯುತ್ತಿದ್ದ. ಭಾವ ಅದೇ ಕಂಪನಿಯ ಪೈಲಟ್ ಆದ್ದರಿಂದ ಆ ಹೆಸರು ಕಚೇರಿಗೂ ನುಸುಳಿ ಅಲ್ಲಿಯೂ ಗಟ್ಟಿಯಾಗಿ ಅಂಟಿಕೊಂಡಿತ್ತು. ಅವಳ ಕೆಲಸ ಮಾತ್ರ ಪುಟ್ಟದಲ್ಲ. ಒಂದು ಊರಿನಿಂದ ಹೊರಟ ಸಿಬ್ಬಂದಿ ನಾಲ್ಕೂರು ಸುತ್ತಿ ತಮ್ಮ ಊರಿಗೇ ಬಂದು ಸೇರಬೇಕು, ನಡುವೆ ನಿಯಮದಷ್ಟು ನಿದ್ದೆ, ವಿರಾಮ ಸಿಗಬೇಕು. ಇಂಥ ಒಂದು ಸುತ್ತಿಗೆ ಅವರು ಸರಪಳಿ ಎನ್ನುತ್ತಿದ್ದರು. ಸಾಧ್ಯವಿರುವ ಸರಪಳಿಗಳನ್ನೆಲ್ಲ ಬರೆಯಲು ಕೂತರೆ ಆಯುಷ್ಯ ಸಾಲದು. ಅದಕ್ಕೇ ಪುಟ್ಟಿಯ ಲೆಕ್ಕ ಕೆಲವನ್ನಷ್ಟೇ ಹಿಡಿದುಕೊಂಡು ಹೊರಡುತ್ತಿತ್ತು. ಹೊರಗೆ ಉಳಿದಿರುವ ಯಾವ ಸರಪಳಿ ಒಳಗೆ ಬಂದರೆ ಖರ್ಚು ಇಳಿದೀತು ಎಂದು ಪ್ರತಿ ಸಲವೂ ಹುಡುಕಿ ಅದನ್ನು ಸೇರಿಸಿಕೊಳ್ಳುತ್ತಿತ್ತು. ಇನ್ನು ಏನು ಬಂದರೂ ಇಳಿಯುವುದಿಲ್ಲ ಎನ್ನುವಲ್ಲಿ ನಿಲ್ಲುತ್ತಿತ್ತು. ಹಾಗೆ ನಿಂತ ಯೋಜನೆಗಿಂತ ಅಗ್ಗದ್ದು ಇನ್ನೊಂದಿಲ್ಲ ಎಂದು ಎದೆ ತಟ್ಟಿ ಹೇಳಬಹುದು. ಅಷ್ಟೇ ಅಗ್ಗದ್ದು ಇನ್ನೊಂದಿಲ್ಲ ಎಂದು ಮಾತ್ರ ಹೇಳಲಾಗದು. ಇದು ಪುಟ್ಟಿಗೆ ಓದಿನಿಂದ ಗೊತ್ತಿತ್ತು, ಅನುಭವಕ್ಕೆ ಬಂದಿರಲಿಲ್ಲ.

ಏನೋ ಅನುಮಾನ ಹುಟ್ಟಿ, ಪೈಲಟ್‌ಗಳ ಹೆಸರುಗಳ ಕ್ರಮವನ್ನಷ್ಟೇ ಮೇಲೆ ಕೆಳಗೆ ಮಾಡಿ ಆ ಭಾಗವನ್ನು ಮತ್ತೆ ಓಡಿಸಿದಳು. ಊಟದ ಹೊತ್ತಿಗೆ ಉತ್ತರ ಬಂತು. ಈ ಸಲ ಕಡಲ ದಂಡೆಯ ಊರಿನ ದಾರಿ ಹಿಡಿದವನು ಭಾವನಲ್ಲ, ಎಲ್ಲರೂ ಬಿಳಿಮೀಸೆ ಎಂದು ಕರೆಯುವ ಹಿರಿಯ ಕ್ಯಾಪ್ಟನ್. ಒಟ್ಟು ಖರ್ಚಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಪಕ್ಕದ ಮೇಜಿನಲ್ಲಿ ಕೂರುವ ಉದ್ದಣ್ಣನನ್ನು ಕರೆದು ತೋರಿಸಿದಳು. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಉದ್ದಕ್ಕಿದ್ದ ಅವನು ಬಗ್ಗಿ ನೋಡಿ, ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನಿದೆ ಎಂದ. ಇಬ್ಬರಿಗೂ ಓಡಿಸಲು ಬರುವುದು ಒಂದೇ ಬಗೆಯ ವಿಮಾನ, ಇಬ್ಬರದೂ ಒಂದೇ ದರ್ಜೆ, ಒಂದೇ ಊರು. ಲೆಕ್ಕದ ಕಣ್ಣಿಗೆ ಅವರು ಅವಳಿಜವಳಿ. ಮೊದಲು ಯಾರು ಕೈಗೆ ಸಿಕ್ಕರೋ ಅವರನ್ನು ಎತ್ತಿಕೊಂಡಿದೆ.

"ಅಂದ್ರೆ ನಾನು ಯಾರ ಹೆಸರನ್ನ ಮೇಲೆ ಹಾಕಿದ್ದೆ ಅನ್ನೋದರ ಮೇಲೆ ಒಬ್ಬರ ಸಂಸಾರ ಊರು ಬಿಡುತ್ತಾ?" ಎಂದಳು ಪುಟ್ಟಿ.

"ಒಂಥರಾ ಹಾಗೇ," ಎಂದು ಉದ್ದಣ್ಣ ಊಟಕ್ಕೆ ಹೋದ.

ಪುಟ್ಟಿ ಎರಡು ಉತ್ತರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಭಾವನ ಹೆಸರು ಬಂದದ್ದು ತಪ್ಪಲ್ಲ, ಬಿಳಿಮೀಸೆಯದು ಬಂದಿದ್ದರೆ ಅದೂ ತಪ್ಪಾಗುತ್ತಿರಲಿಲ್ಲ. ತಪ್ಪಿಲ್ಲದ ಎರಡು ಉತ್ತರಗಳ ನಡುವೆ ಹೀಗೆ ಕಾಲು ಸಿಕ್ಕಿಕೊಳ್ಳುತ್ತದೆಂದು ಅವಳು ಎಣಿಸಿರಲಿಲ್ಲ. ಯಾವುದನ್ನು ಕಳಿಸಿದರೂ ಮೇಲಿನವರು ಕಣ್ಣು ಮುಚ್ಚಿ ಒಪ್ಪುತ್ತಾರೆ. ಎರಡನೆಯದೊಂದು ಇತ್ತು ಎಂಬುದೇ ಯಾರಿಗೂ ತಿಳಿಯುವುದಿಲ್ಲ. ಮನೆಯವರ ಪರ ವಹಿಸಬಾರದು ಎಂದುಕೊಂಡು ಭಾವನನ್ನೇ ಕಳಿಸಿದರೆ, ಅವನು ತನ್ನ ಭಾವ ಎಂಬ ಕಾರಣಕ್ಕೇ ಕಳಿಸಿದಂತಾಗುವುದಿಲ್ಲವೇ? ಯೋಚಿಸಿದಷ್ಟೂ ಗೋಜಲಾಯಿತು. ಅವಳು ಎರಡನ್ನೂ ತನ್ನ ಬಳಿಯೇ ಇಟ್ಟುಕೊಂಡಳು.

ಹೊಸ ನೆಲೆಯ ಸುದ್ದಿ ಅಷ್ಟರಲ್ಲಿ ಪೈಲಟ್‌ಗಳ ನಡುವೆ ಹರಡಿತ್ತು. ಭಾನುವಾರ ಅಕ್ಕ ಊಟಕ್ಕೆ ಕರೆದಳು. ಅಕ್ಕ ಹಲ್ಲಿನ ಡಾಕ್ಟರು, ಮನೆಯ ಕೆಳಗಿನ ಎರಡು ಕೋಣೆಗಳಲ್ಲೇ ಅವಳ ಕ್ಲಿನಿಕ್ಕು. ಬೇರೂರಿದ ಮರದ ಹಾಗೆ ಆ ಬೀದಿಗೆ ಕಚ್ಚಿಕೊಂಡವಳು. ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಾ ಅದೂ ಇದೂ ಮಾತಾಡಿದವಳು, ಭಾವ ಮಗಳನ್ನು ಕರೆದುಕೊಂಡು ಅಂಗಡಿಗೆ ಹೊರಟದ್ದೇ ಚಾಕು ಕೆಳಗಿಟ್ಟಳು.

"ನಿನ್ನ ಕೆಲಸದಲ್ಲಿ ನಾನು ಯಾವತ್ತೂ ಬಾಯಿ ಹಾಕಿಲ್ಲ ಪುಟ್ಟಿ. ಇದೊಂದು ಸಲ ಕೇಳ್ತೀನಿ. ನಿಮ್ಮ ಭಾವನ್ನ ಅಲ್ಲಿಗೆ ಹಾಕಬೇಡ."

ಅದು ತನ್ನ ಕೈಯಲ್ಲಿಲ್ಲ, ಲೆಕ್ಕ ಹೇಳಿದ್ದು ಎನ್ನಲು ಪುಟ್ಟಿ ಬಾಯಿ ತೆರೆದಳು. ಹೋದ ವಾರ ಕೇಳಿದ್ದರೆ ಹಾಗೆಂದು ಧೈರ್ಯವಾಗಿ ಹೇಳುತ್ತಿದ್ದಳು. ಈಗ ಅದು ಪೂರ್ತಿ ನಿಜವಲ್ಲ ಎಂದು ಗೊತ್ತಿತ್ತು. ಬದಲಿಗೆ, ವಿಮಾನದಲ್ಲಿ ಒಂದು ಗಂಟೆಯ ದಾರಿಯಲ್ಲವೇ, ಭಾವ ಈಗಲೂ ವಾರಕ್ಕೆ ಅರ್ಧ ಹೊರಗೇ ಇರುತ್ತಾನಲ್ಲ ಎಂದಳು.

"ಈಗ ಹೋಗಿ ಬರ್ತಾರೆ. ಆಮೇಲೆ ಬಂದು ಹೋಗ್ತಾರೆ," ಎಂದಳು ಅಕ್ಕ. "ಎರಡೂ ಒಂದೇನಾ?"

ಪುಟ್ಟಿ ತಲೆಯಾಡಿಸಿದಳು. ಅದನ್ನು ಅಕ್ಕ ತನ್ನ ಬೇಡಿಕೆಗೆ ಒಪ್ಪಿಗೆ ಎಂದುಕೊಂಡಳು ಎಂಬುದು ಬಡಿಸುವಾಗ ಅವಳ ಮುಖ ನೋಡಿ ಗೊತ್ತಾಯಿತು.

ಸಂಜೆ ಭಾವ ಅವಳನ್ನು ಕಾರಿನಲ್ಲಿ ಮನೆಗೆ ಬಿಡಲು ಹೊರಟ. ಕಡಿಮೆ ಮಾತಿನವನು, ನಕ್ಕರೆ ಮೀಸೆಯ ಕೆಳಗೇ ನಗುವವನು. ಅವಳ ಮನೆಯ ಬೀದಿಗೆ ತಿರುಗುವ ಮುಂಚೆ ಕಾರನ್ನು ಬದಿಗೆ ಹಾಕಿ ಎಂಜಿನ್ ಆರಿಸಿದ. ಆಮೇಲೆ ಸ್ಟೇರಿಂಗನ್ನೇ ನೋಡುತ್ತಾ, "ಪುಟ್ಟಿ, ನನ್ನನ್ನ ಅಲ್ಲಿಗೆ ಹಾಕಕ್ಕಾಗುತ್ತಾ?" ಎಂದ.

ತನ್ನ ಕಿವಿಯನ್ನೇ ನಂಬದೆ ಪುಟ್ಟಿ ಎಲ್ಲಿಗೆ ಎಂದು ಕೇಳಿದಳು.

"ಕಡಲ ಹತ್ತಿರದ ಊರಿಗೆ. ನಿಮ್ಮಕ್ಕಂಗೆ ಹೇಳಬೇಡ."

ಏನಾದರೂ ಜಗಳವೇ ಎಂದು ಕೇಳಿದ್ದಕ್ಕೆ ಜಗಳವೇ ಇಲ್ಲ ಎಂದ. ನಿಧಾನವಾಗಿ, ಪದಕ್ಕಾಗಿ ತಡಕುತ್ತಾ ಹೇಳಿದ. ಅವನು ಮನೆಗೆ ಬಂದ ಕೂಡಲೇ ಎಲ್ಲರೂ ಮೆತ್ತಗೆ ಮಾತಾಡಲು ಶುರುಮಾಡುತ್ತಾರೆ. ಮಗಳು ತುದಿಗಾಲಲ್ಲಿ ಓಡಾಡುತ್ತಾಳೆ. ಅವನು ಎದ್ದು ಕೂತಿದ್ದರೂ ಅಪ್ಪ ಮಲಗಿದ್ದಾರೇನೋ ಎಂಬ ಹಾಗೆ. ಅವನನ್ನು ನೋಡಿಕೊಳ್ಳುವುದರಲ್ಲಿ ಯಾರೂ ಏನೂ ಕಡಿಮೆ ಮಾಡುವುದಿಲ್ಲ. "ನಾನು ಹೊರಟು ಗೇಟಿನ ಹತ್ರ ಶೂ ಲೇಸು ಕಟ್ಕೊಳ್ತಿರ್ತೀನಿ ನೋಡು, ಆಗ ಒಳಗಿಂದ ನಗು ಕೇಳ್ಸುತ್ತೆ. ಚೆನ್ನಾಗಿ ನಗ್ತಾರೆ ಇಬ್ರೂ. ನಾನು ಇಲ್ಲದೆ ಇದ್ರೇನೇ ಆ ಮನೆ ಸಲೀಸಾಗಿ ನಡೆಯುತ್ತೆ."

ಪುಟ್ಟಿ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು. ನೋಡ್ತೀನಿ ಭಾವ ಎಂದು ಇಳಿದಳು. ಇಳಿದ ಮೇಲೆ, ಬೆಳಿಗ್ಗೆ ಅಕ್ಕನಿಗೂ ಹೆಚ್ಚುಕಡಿಮೆ ಇದನ್ನೇ ಹೇಳಿದಂತಾಯಿತಲ್ಲ ಎಂದು ಹೊಳೆದು ಗೇಟಿನ ಮುಂದೆಯೇ ನಿಂತುಬಿಟ್ಟಳು.

ಆ ವಾರವೆಲ್ಲ ಅವಳು ಲೆಕ್ಕದ ಜೊತೆ ಗುದ್ದಾಡಿದಳು. ಸಮಬಲವನ್ನು ಮುರಿಯಲು ಒಂದು ಸಣ್ಣ ತೂಕ ಸಾಕು, ನ್ಯಾಯವಾದ ತೂಕ ಯಾವುದೆಂದು ಗೊತ್ತಾಗಬೇಕಷ್ಟೆ. ಚಿಕ್ಕ ಮಕ್ಕಳಿರುವವರನ್ನು ಕದಲಿಸಬಾರದು ಎಂದು ಒಂದು ನಿಯಮ ಸೇರಿಸಿದಳು. ಭಾವ ಉಳಿದ. ಅದನ್ನು ಅಳಿಸಿ, ನಿವೃತ್ತಿಗೆ ಹತ್ತಿರವಾದವರನ್ನು ಕದಲಿಸಬಾರದು ಎಂದು ಬರೆದಳು. ಭಾವ ಹೋದ. ಎರಡನ್ನೂ ಸೇರಿಸಿದಳು. ಯಾವುದಕ್ಕೆ ಎಷ್ಟು ತೂಕ ಕೊಟ್ಟಳೋ ಅದರಂತೆ ಇಬ್ಬರೂ ತಕ್ಕಡಿಯ ತಟ್ಟೆಗಳ ಹಾಗೆ ಮೇಲೆ ಕೆಳಗೆ ಆಡಿದರು. ಪ್ರತಿಯೊಂದು ನಿಯಮವೂ ಓದಲು ಬಲು ನ್ಯಾಯವಾಗಿಯೇ ಕಾಣುತ್ತಿತ್ತು. ಬರೆದವಳ ಮನಸ್ಸಿನಲ್ಲಿ ಮೊದಲೇ ಒಂದು ಉತ್ತರ ಇತ್ತೋ ಇಲ್ಲವೋ ಎಂಬುದು ಬರೆದವಳಿಗೇ ಗೊತ್ತಾಗುತ್ತಿರಲಿಲ್ಲ. ಅಕ್ಕನ ಮುಖ ನೆನಪಾದರೆ ಒಂದು ನಿಯಮ, ಭಾವನ ಮಾತು ನೆನಪಾದರೆ ಇನ್ನೊಂದು. ಬಿಳಿಮೀಸೆಯ ಮುಖವೋ, ಅವಳಿಗೆ ಸರಿಯಾಗಿ ನೆನಪೇ ಇರಲಿಲ್ಲ. ಅದು ಅವಳಿಗೆ ನಾಚಿಕೆ ತಂದಿತು.

ಶುಕ್ರವಾರ ಯೋಜನೆ ವಿಭಾಗದ ಮುಖ್ಯಸ್ಥೆಯ ಕೋಣೆಗೆ ಹೋಗಿ ಎರಡೂ ಉತ್ತರಗಳನ್ನು ಮೇಜಿನ ಮೇಲೆ ಇಟ್ಟಳು. ಇಬ್ಬರಲ್ಲಿ ಒಬ್ಬ ತನ್ನ ಭಾವ ಎಂದೂ ಹೇಳಿದಳು. ಅಕ್ಕ ಬೇಡಿದ್ದನ್ನು, ಭಾವ ಕೇಳಿದ್ದನ್ನು ಮಾತ್ರ ಹೇಳಲಿಲ್ಲ. ಮೇಡಂ ಗಟ್ಟಿ ಹೆಂಗಸು, ಬಳಸಿ ಮಾತಾಡುವವರಲ್ಲ.

"ಇದಕ್ಕೆ ವಾರ ಹಿಡೀತಾ ನಿಮಗೆ? ಇಬ್ಬರನ್ನೂ ಕರೆದು ಕೇಳಿದ್ರೆ ಆಯ್ತು. ಹೋಗ್ತೀನಿ ಅಂದೋರನ್ನ ಕಳಿಸೋಣ."

ಪುಟ್ಟಿಗೆ ಹೋದ ಜೀವ ಬಂದಂತಾಯಿತು. ಭಾವ ತನ್ನ ಬಾಯಿಂದಲೇ ಹೂಂ ಎನ್ನುತ್ತಾನೆ, ತಾನು ನಡುವಿನಿಂದ ಜಾರಿಕೊಳ್ಳಬಹುದು. ಅಕ್ಕನಿಗೆ ಬೇಸರವಾದೀತು, ಆದರೆ ಅದು ಗಂಡ ಹೆಂಡಿರ ಮಾತು.

ಮಂಗಳವಾರ ಇಬ್ಬರೂ ಬಂದು ಗಾಜಿನ ಗೋಡೆಯ ಕೋಣೆಯಲ್ಲಿ ಕೂತರು. ಬಿಳಿಮೀಸೆ ಪುಟ್ಟಿ ಊಹಿಸಿದ್ದಕ್ಕಿಂತ ಕುಳ್ಳಗೆ, ಹಸನ್ಮುಖಿ. ಮೇಡಂ ವಿಷಯ ಹೇಳಿ ಮೊದಲು ಅವನನ್ನೇ ಕೇಳಿದರು. ತನಗೆ ಎಲ್ಲಾದರೂ ಸರಿ, ಮಕ್ಕಳು ದೊಡ್ಡವರಾಗಿದ್ದಾರೆ, ಹೆಂಡತಿಗೆ ಸಮುದ್ರವೆಂದರೆ ಇಷ್ಟ, ಆದರೆ ಕಿರಿಯರಿಗೆ ಬೇಕಿದ್ದರೆ ತಾನು ಅಡ್ಡ ಬರುವುದಿಲ್ಲ ಎಂದ. ಮೇಡಂ ಭಾವನ ಕಡೆ ತಿರುಗಿದರು. ಪುಟ್ಟಿಯೂ ನೋಡಿದಳು.

ಭಾವ ಮೇಜಿನ ಮೇಲೆ ಅಂಗೈ ಊರಿಕೊಂಡು ಕೂತಿದ್ದ. ಕೋಣೆಯ ಹೊರಗೆ ಯಾರೋ ಫೋನಿನಲ್ಲಿ ಮಾತಾಡುತ್ತಾ ಆಚೆಗೊಮ್ಮೆ ಈಚೆಗೊಮ್ಮೆ ಹಾದುಹೋದರು. ಕೊನೆಗೆ ಅವನು, "ನನಗೆ ಹೇಳಕ್ಕಾಗ್ತಾ ಇಲ್ಲ ಮೇಡಂ," ಎಂದ.

ಹಾಗಾದರೆ ಬೇಡ ಎಂದು ಅರ್ಥ ಮಾಡಿಕೊಳ್ಳಲೇ ಎಂದು ಮೇಡಂ ಕೇಳಿದರು. ಅವನು ಮೇಜಿನ ಮೇಲಿದ್ದ ತನ್ನ ಕೈಗಳನ್ನೇ ನೋಡಿಕೊಂಡ. ಮೇಡಂ, ಸರಿ ನೀವೇ ಹೋಗಿ ಎಂದು ಬಿಳಿಮೀಸೆಯ ಕೈಕುಲುಕಿ ಎದ್ದರು. ಕಾಲು ಗಂಟೆಯೂ ಹಿಡಿಯಲಿಲ್ಲ.

ಪುಟ್ಟಿ ಮೆಟ್ಟಿಲ ಹತ್ತಿರ ಭಾವನನ್ನು ತಡೆದಳು. ಅವಳಿಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಮಾತ್ರ ಸ್ಪಷ್ಟವಿರಲಿಲ್ಲ. ಕಾರಿನಲ್ಲಿ ನನ್ನನ್ನು ಕೇಳಿದವರು ನೀವೇ ತಾನೇ, ಇಲ್ಲಿ ನಾಲಿಗೆ ಏನಾಯಿತು ಎಂದು ಕೇಳಿದಳು.

"ಕಂಪ್ಯೂಟರ್ ಹಾಕಿದೆ, ಹೋಗಲೇಬೇಕು ಅಂದಿದ್ರೆ ಹೋಗ್ತಿದ್ದೆ," ಎಂದ ಭಾವ. "ಇವರನ್ನ ಬಿಟ್ಟು ಹೋಗ್ತೀನಿ ಅಂತ ನನ್ನ ಬಾಯಲ್ಲೇ ಹೇಳು ಅಂದ್ರೆ ಹೇಗೆ ಹೇಳ್ಲಿ?"

"ಹಾಗಾದ್ರೆ ಇರೋಕೆ ಇಷ್ಟ ಇದೆ ಅಂತಾನಾ?"

"ಗೊತ್ತಿಲ್ಲ ಪುಟ್ಟಿ," ಎಂದು ಅವನು ಮೆಟ್ಟಿಲಿಳಿದು ಹೋದ. ಸುಳ್ಳು ಹೇಳುವವನ ದನಿ ಅದಾಗಿರಲಿಲ್ಲ.

ಅಕ್ಕನಿಗೆ ಸುದ್ದಿ ಮುಟ್ಟಿಸಲು ಪುಟ್ಟಿ ಕೆಲಸ ಮುಗಿಸಿ ನೇರ ಕ್ಲಿನಿಕ್ಕಿಗೆ ಹೋದಳು. ಹೊರಗೆ ಇಬ್ಬರು ರೋಗಿಗಳು ಕೆನ್ನೆ ಹಿಡಿದುಕೊಂಡು ಕೂತಿದ್ದರು. ಅಕ್ಕ ಅವಳನ್ನು ಒಳಗೆ ಕರೆದು, ಕೈಗವಸು ತೆಗೆಯದೆಯೇ ಏನಾಯಿತು ಎಂದು ಹುಬ್ಬಿನಲ್ಲೇ ಕೇಳಿದಳು. ಭಾವ ಇಲ್ಲೇ ಇರುತ್ತಾನೆ ಎಂದಳು ಪುಟ್ಟಿ. ಅಕ್ಕನ ಮುಖ ಅರಳಿತು. ಮರುಗಳಿಗೆಯೇ, ಅವರೇ ಇರುತ್ತೇನೆ ಅಂದರಾ ಎಂದು ಕೇಳಿದಳು.

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎರಡು ವಾರದಿಂದ ಯಾರಿಗೂ ಏನನ್ನೂ ಪೂರ್ತಿ ಹೇಳದೆ ಪುಟ್ಟಿ ದಣಿದಿದ್ದಳು. ರೋಗಿಯ ಕುರ್ಚಿಯ ಅಂಚಿನಲ್ಲಿ ಕೂತು, ಕಾರು ನಿಲ್ಲಿಸಿ ಭಾವ ಕೇಳಿದ್ದು, ಗೇಟಿನ ಬಳಿ ಕೇಳುವ ನಗು, ಗಾಜಿನ ಕೋಣೆಯಲ್ಲಿ ಬಾಯಿ ಕಟ್ಟಿದ್ದು, ಎಲ್ಲವನ್ನೂ ಹೇಳಿಬಿಟ್ಟಳು.

ಅಕ್ಕ ಕೈಗವಸನ್ನು ಒಂದೊಂದೇ ಬೆರಳಿನಿಂದ ಎಳೆದು ತೆಗೆದಳು.

"ಹೋಗಿದ್ರೇ ಚೆನ್ನಾಗಿತ್ತು."

"ನೀನೇ ಬೇಡ ಅಂದಿದ್ದಲ್ಲಕ್ಕ."

"ಅಂದೆ. ಅವರಿಗೆ ಹೋಗಕ್ಕೆ ಇಷ್ಟ ಇಲ್ಲ, ನಮ್ಮ ಮುಂದೆ ಹೇಳ್ಕೊಳ್ತಾ ಇಲ್ಲ ಅಂದ್ಕೊಂಡು ಅಂದೆ. ಅವರು ಸುಸ್ತಾಗಿ ಬರ್ತಾರೆ ಅಂತ ತಾನೇ ನಾವು ಮೆತ್ತಗಿರೋದು?" ಅಕ್ಕ ಕಳಚಿದ ಕೈಗವಸನ್ನು ಕಸದ ಬುಟ್ಟಿಗೆ ಎಸೆದಳು. ಹೊರಗಿನ ರೋಗಿ ನರಳಿದ್ದು ಕೇಳಿ ಹೊಸ ಕೈಗವಸು ತೆಗೆದುಕೊಂಡಳು. ಪುಟ್ಟಿ ಎದ್ದು ಬಂದಳು. ಹೇಳಬಾರದಿತ್ತು ಎಂದು ಬಸ್ಸಿನಲ್ಲಿ ಅನ್ನಿಸಿತು. ಇಳಿಯುವಾಗ, ಹೇಳದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು ಎನ್ನಿಸಿತು.

ಬಿಳಿಮೀಸೆ ಹೆಂಡತಿಯೊಂದಿಗೆ ಕಡಲ ದಂಡೆಗೆ ಹೋದ. ಹೊಸ ಋತು ಶುರುವಾಗಿ ವಿಮಾನಗಳು ಲೆಕ್ಕದ ಪ್ರಕಾರ ಹಾರಿದವು, ಯೋಜನೆಗೆ ಮೇಲಿನವರ ಮೆಚ್ಚುಗೆಯೂ ಬಂತು. ಕೆಲವು ತಿಂಗಳ ನಂತರ ಭಾವ ಹಾರುವುದನ್ನು ಅರ್ಧಕ್ಕೆ ಇಳಿಸಿ, ಹೊಸ ಪೈಲಟ್‌ಗಳಿಗೆ ನೆಲದ ಮೇಲೆಯೇ ತರಬೇತಿ ಕೊಡುವ ಕೆಲಸ ಹಿಡಿದ. ಹೆಚ್ಚಿನ ದಿನ ಸಂಜೆಗೆಲ್ಲ ಮನೆಗೆ ಬರತೊಡಗಿದ. ಇದು ಯಾರ ಆಸೆಯಿಂದ ಆದದ್ದು ಎಂಬುದು ಪುಟ್ಟಿಗೆ ಬಗೆಹರಿಯಲಿಲ್ಲ. ಅಕ್ಕನನ್ನು ಕೇಳಿದರೆ ಅವರೇ ಬೇಕೆಂದರು ಎಂದಳು. ಭಾವನನ್ನು ಕೇಳಿದರೆ ನಿಮ್ಮಕ್ಕನ ಹಟ ಎಂದ.

ಮದುವೆಯಾದ ಇಷ್ಟು ವರ್ಷಗಳಲ್ಲಿ ಪುಟ್ಟಿ ಕಂಡಿರದ ಜಗಳ ಈಗ ಆ ಮನೆಯಲ್ಲಿ ನಡೆಯುತ್ತಿತ್ತು. ನೀರಿನ ಮೋಟಾರು ಯಾರು ಆರಿಸಬೇಕಿತ್ತು, ಮಗಳಿಗೆ ಗಣಿತ ಹೇಳಿಕೊಡುವುದು ಹೀಗಾ ಎಂದು. ಅಕ್ಕ ಒಮ್ಮೆ ಫೋನಿನಲ್ಲಿ, ನಾವು ಹಾಳಾಗುತ್ತಿದ್ದೇವೋ ಸರಿಹೋಗುತ್ತಿದ್ದೇವೋ ನನಗೇ ತಿಳಿಯುತ್ತಿಲ್ಲ ಎಂದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಪುಟ್ಟಿಗೆ ಈ ಕಡೆ ತಿಳಿಯಲಿಲ್ಲ.

ಮೊನ್ನೆ ಅವಳು ಹೋದಾಗ ಇಬ್ಬರೂ ಬಾಗಿಲಿಗೇ ಬಂದು ಒಬ್ಬರ ಮೇಲೊಬ್ಬರು ದೂರು ಹೇಳತೊಡಗಿದರು. ಭಾವನ ದನಿ ಅಕ್ಕನದಕ್ಕಿಂತ ಜೋರಾಗಿತ್ತು. ಯಾರದು ಸರಿ ನೀನೇ ಹೇಳು ಪುಟ್ಟಿ ಎಂದರು ಇಬ್ಬರೂ. ಅವಳು ಅಕ್ಕನಿಗೂ ತಲೆಯಾಡಿಸಿದಳು, ಭಾವನಿಗೂ ತಲೆಯಾಡಿಸಿದಳು, ಹೊಟ್ಟೆ ಹಸಿದಿದೆ ಎಂದು ಚಪ್ಪಲಿ ಬಿಟ್ಟು ಅವರಿಬ್ಬರ ನಡುವೆಯೇ ತೂರಿಕೊಂಡು ಒಳಗೆ ಹೋದಳು.