ಕೀಲಿನ ಸಂದಿಯ ನಶ್ಯ

ನಾನು ಒಂದು ಚಿನ್ನದ ನಶ್ಯದ ಡಬ್ಬಿ. ಹುಟ್ಟಿದ್ದು ಜಿನೀವಾದಲ್ಲಿ. ಅಲ್ಲಿಯವರು ನನ್ನ ಮುಚ್ಚಳದ ಮೇಲೆ ಎನಾಮೆಲ್ ಬಣ್ಣದಲ್ಲಿ ಗ್ರೀಕರ ಕಥೆಯೊಂದನ್ನು ಬರೆದರು. ಹುಟ್ಟದ ಮೊಮ್ಮಗನ ಮೇಲೇ ಅನುಮಾನಪಟ್ಟ ರಾಜನೊಬ್ಬ ಮಗಳು ಡಾನಯೆಯನ್ನು ಕಂಚಿನ ಕೋಣೆಯಲ್ಲಿ ಕೂಡಿಹಾಕಿದ. ದೇವತೆಗಳ ಒಡೆಯ ಬಂಗಾರದ ಮಳೆಯಾಗಿ ಸೂರಿನಿಂದ ಇಳಿದ.

ಗಂಧದೆಣ್ಣೆ ಕೊಳ್ಳಲು ಮೈಸೂರಿಗೆ ಬಂದ ಬಿಳಿಯ ದೊರೆಯೊಬ್ಬ, ತನ್ನ ವ್ಯಾಜ್ಯ ಗೆದ್ದುಕೊಟ್ಟ ವಕೀಲ ಶಾಮಣ್ಣಯ್ಯನವರಿಗೆ ನನ್ನನ್ನು ಕೊಟ್ಟ. ಅವರು ಕಾಲವಾಗುವವರೆಗೆ ನನ್ನಲ್ಲಿ ನಶ್ಯ ತುಂಬಿದರು. ಆಮೇಲೆ ಮನೆಯ ಹೆಂಗಸರು ಡಾನಯೆಯ ಮೇಲೆ ಸುರಿಯುವ ಚಿನ್ನವನ್ನು ನೋಡಿ, ಇವಳು ಲಕ್ಷ್ಮಿಯೇ ಎಂದು ತೀರ್ಮಾನಿಸಿದರು. ಮೈಮೇಲೆ ಬಟ್ಟೆ ಸಾಲದ್ದಕ್ಕೆ ಅರಿಶಿನ ಬಳಿದರು. ನಾನು ಕುಂಕುಮದ ಭರಣಿಯಾಗಿ ದೇವರ ಮನೆ ಸೇರಿದೆ. ದೇವರಾದವಳನ್ನು ಒರೆಗಲ್ಲಿಗೆ ತಿಕ್ಕುವವರು ಯಾರು?

ತಿಕ್ಕುವ ದಿನವೂ ಬಂತು. ವಕೀಲರ ಮಗ ವೆಂಕೋಬರಾಯರ ಸೊಸೆ ವನಜಾಕ್ಷಿ ತನ್ನ ತಂಗಿಯ ಮದುವೆಗೆ ನನ್ನನ್ನು ಒಯ್ದು ವಾಪಸು ತಂದಳು. ಅತ್ತೆ ಸುಂದರಮ್ಮ ನನ್ನನ್ನು ಕಿಟಕಿಯ ಬಳಿ ತಿರುಗಿಸಿ ನೋಡಿದರು.

"ಬಣ್ಣ ಇಳಿದಿದೆ."

ಅಕ್ಕಸಾಲಿ ನಾಗಲಿಂಗಾಚಾರಿ ಲಕ್ಷ್ಮಿಗೆ ಕೈಮುಗಿದು ನನ್ನ ತಳವನ್ನು ಒರೆಗೆ ಹಚ್ಚಿದ. "ಒಡವೆ ಚಿನ್ನ ಅಲ್ಲಮ್ಮ. ತಾಮ್ರ ಜಾಸ್ತಿ."

ನಿಜವೇ. ನಾನು ಹುಟ್ಟಿದ್ದೇ ಹಾಗೆ. ನಮ್ಮೂರಿನ ಡಬ್ಬಿಗಳಿಗೆ ಅಷ್ಟೇ ಚಿನ್ನ. ಆದರೆ ನನ್ನನ್ನು ಕೇಳಿದವರಿಲ್ಲ.

"ಅಂದ್ರೆ ನಮ್ದು ಹೋಯ್ತು, ಇದು ಬಂತು," ಎಂದರು ಸುಂದರಮ್ಮ. ದನಿ ಏರಿಸಲಿಲ್ಲ. "ನಮ್ಮ ಡಬ್ಬಿ ಸಿಗೋವರ್ಗೂ ತವರಲ್ಲೇ ಇರಮ್ಮ ವನಜ. ಹುಡುಕೋಕೆ ಅನುಕೂಲ."

ವನಜಾಕ್ಷಿಯ ಗಂಡ ಪೇಪರಿನ ಹಾಳೆ ತಿರುವಿದ. ಅವಳು ಅವನತ್ತ ನೋಡಲಿಲ್ಲ. ನನ್ನನ್ನು ಮಾವನ ಮುಂದಿಟ್ಟಳು. "ಮಾವ, ಈ ಮುಚ್ಚಳದ ಕೀಲಿನ ಹತ್ರ ಮೂಸಿ ನೋಡಿ. ಉಜ್ಜೋವಾಗೆಲ್ಲ ನಂಗೆ ಸೀನು ಬರತ್ತೆ."

ರಾಯರು ಮೂಸಿದರು. ಸೀನಿದರು. ಒಂಟಿ ಸೀನು ಅಪಶಕುನ; ಎಲ್ಲರೂ ಇನ್ನೊಂದಕ್ಕೆ ಕಾದರು. ಇನ್ನೊಂದು ಬಂದ ಮೇಲೆ ರಾಯರು ಕಣ್ಣೊರೆಸಿಕೊಂಡರು.

"ನಮ್ಮಪ್ಪನ ನಶ್ಯ ಕಣೇ. ಹೊಸ ಡಬ್ಬೀಲಿ ಇದು ಎಲ್ಲಿಂದ ಬರತ್ತೆ?"

"ನಶ್ಯ ಅಂಗಡೀಲೂ ಸಿಗತ್ತೆ," ಎಂದರು ಸುಂದರಮ್ಮ.

"ಸಿಗಲಿ. ವನಜ ಇಲ್ಲೇ ಇರ್ತಾಳೆ."

ಅವಳು ಉಳಿದಳು. ನಾನು ಬ್ಯಾಂಕಿನ ಲಾಕರಿಗೆ ಹೋದೆ. ಕಂಚಿನ ಕೋಣೆಯನ್ನು ಮೊದಲೇ ಕಂಡಿದ್ದ ಡಾನಯೆಗೆ ಇದೇನೂ ಹೊಸದಲ್ಲ.

ಈಗ ರಾಯರಿಲ್ಲ. ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಅತ್ತೆ ಸೊಸೆ ಇಬ್ಬರೂ ಬರುತ್ತಾರೆ. ನನ್ನನ್ನು ಚೀಲಕ್ಕೆ ಹಾಕುವ ಮೊದಲು ಸುಂದರಮ್ಮ ಕೀಲು ಮೂಸುತ್ತಾರೆ. ಸೀನು ಬಂದರೆ ನಾನು ನಾನೇ. ಹೋದ ವರ್ಷ ಮತ್ತೆ ಮತ್ತೆ ಮೂಸಿದ ಮೇಲೆ ಒಂದು ಬಡ ಸೀನು ಬಂತು. ಅತ್ತೆ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದರು. ಶಾಮಣ್ಣಯ್ಯನವರ ನಶ್ಯ ಮುಗಿಯುತ್ತ ಬಂದಿತ್ತು.

ಈ ವರ್ಷ ಸುಂದರಮ್ಮ ಚೀಲದಲ್ಲಿ ಕನ್ನಡಕ ತಡಕಾಡುತ್ತಿದ್ದಾಗ ವನಜಾಕ್ಷಿ ಸೆರಗಿನ ಗಂಟು ಬಿಚ್ಚಿ ನನ್ನ ಕೀಲಿನ ಸಂದಿಗೆ ಒಂದು ಚಿಟಿಕೆ ಒತ್ತಿದಳು. ಏನನ್ನೂ ಕದಿಯದವಳು ಕಳ್ಳಿಯಂತೆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಸುಂದರಮ್ಮ ಮೂಸಿದರು. ಜೋಡಿ ಸೀನು ಬಂತು.

"ನಮ್ದೇ," ಎಂದರು.

ಡಬ್ಬಿ ಅವರದೇ. ನಶ್ಯ ಅಂಗಡಿಯದು. ಅಲ್ಲಿ ಸಿಗುತ್ತದೆಂದು ಅವರು ಅಂದೇ ಹೇಳಿದ್ದರು.