ಬಲಗಡೆಯ ಫೋಟೋ

ಆಟೋದಿಂದ ಇಳಿಯಲು ನಾಯಿ ಸುತರಾಂ ಒಪ್ಪಲಿಲ್ಲ. ರಮೇಶ್ ಹಗ್ಗ ಜಗ್ಗಿದಷ್ಟೂ ಅದು ಕಾಲೂರಿಕೊಂಡು ಹಿಂದೆ ಸರಿಯುತ್ತಿತ್ತು. ಕೀಲ್ಪಾಕಿನ ಆ ಪ್ರಾಣಿಗಳ ಆಶ್ರಯದ ಗೇಟಿನಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ನಿಂತಿದ್ದ ಜ್ಯೋತಿ ನೋಡಿದ್ದೇ ಗುರುತು ಹಿಡಿದಳು. ಅಯ್ಯೋ, ವಾಪಸು ಬಂತು!

"ಬನ್ರೀ ಇಲ್ಲಿ, ಫೋಟೋ ಮೇಡಂ!" ರಮೇಶ್ ಅಲ್ಲಿಂದಲೇ ಕೂಗಿದ. "ಕಣ್ಣಿಗೆ ಕಸ ಬಿದ್ದಿದೆ, ಡ್ರಾಪ್ಸ್ ಹಾಕಿದ್ರೆ ತೆರ್ಕೊಳುತ್ತೆ ಅಂದ್ರಲ್ಲ? ಡಾಕ್ಟರು ನೋಡಿ ನಕ್ಬಿಟ್ರು. ಒಳಗೆ ಕಣ್ಣೇ ಇಲ್ವಂತೆ!"

ಇರಲಿಲ್ಲ, ನಿಜ. ಎಡಗಣ್ಣು ಕೊಳೆತು, ಅದನ್ನು ತೆಗೆಸಿ ರೆಪ್ಪೆ ಹೊಲಿಸಿದ್ದು ಜ್ಯೋತಿಗೆ ಚೆನ್ನಾಗಿಯೇ ಗೊತ್ತಿತ್ತು. ಸಾಕುವವರು ಬೇಕೆಂದು ನೇರ ಮುಖದ ಫೋಟೋ ಎಷ್ಟು ಸಲ ಹಾಕಿದರೂ ಒಂದು ನರಪಿಳ್ಳೆಯೂ ವಿಚಾರಿಸಿರಲಿಲ್ಲ. ಕಡೆಗೆ ರೋಸಿಹೋಗಿ, ಬಿಸ್ಕತ್ತಿನ ಆಸೆ ತೋರಿಸಿ ಕತ್ತು ತಿರುಗಿಸಿ, ಬಲಗಡೆಯಿಂದಷ್ಟೇ ತೆಗೆದು ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದಳು. ಮರುದಿನವೇ ಮೈಲಾಪೂರಿನಿಂದ ಬ್ಯಾಂಕ್ ನೌಕರನಾದ ಈ ರಮೇಶ್ ಓಡಿ ಬಂದ. ಕಣ್ಣಿಗೇನಾಗಿದೆ ಎಂದು ಕೇಳಿದಾಗ ಬಾಯಿಗೆ ಬಂದ ಸುಳ್ಳು ಹೇಳಿ ಸಾಗಹಾಕಿದ್ದಳು.

"ಖರೇ ಹೇಳಿದ್ರ ನೀವು ಒಯ್ತಿದ್ರೇನ್ರಿ?" ಎಂದಳು. ದನಿ ತಗ್ಗಿಸಲಿಲ್ಲ.

"ಅದು ನಮ್ಮಿಷ್ಟ. ನಮ್ಮಮ್ಮ ಬೆಳಗಾಗೆದ್ದು ಒಕ್ಕಣ್ಣಿನ ಮುಖ ನೋಡ್ಬೇಕಾ? ಇದು ಮನೇಲಿರೋವರ್ಗೂ ರೂಮಿಂದಾಚೆ ಬರಲ್ಲ ಅಂತ ಕೂತಿದಾರೆ."

"ನಿಮ್ಮ ಶಕುನದ ಹುಚ್ಚಿಗೆ ಈ ಮೂಕಪ್ರಾಣಿ ಏನ್ ಮಾಡ್ಬೇಕ್ರಿ? ನಾಚಿಕಿ ಆಗೂದಿಲ್ಲೇನು ನಿಮಗ?"

"ನನಗ್ಯಾಕ್ರೀ ನಾಚ್ಕೆ? ನನ್ನ ಮಗಳು ಇದನ್ನ ತಬ್ಕೊಂಡೇ ಮಲಗ್ತಿದ್ಲು. ಬೆಳಗ್ಗೆಯಿಂದ ಅನ್ನ ಮುಟ್ಟಿಲ್ಲ. ನೀವು ಮೊದಲೇ ಹೇಳಿದ್ರೆ ನಾನು ಕರ್ಕೊಂಡೇ ಹೋಗ್ತಿರ್ಲಿಲ್ಲ. ಅವಳೂ ಹಚ್ಕೊಳ್ತಿರ್ಲಿಲ್ಲ, ಇದೂ ಹಚ್ಕೊಳ್ತಿರ್ಲಿಲ್ಲ."

ಹಾಳಾದವನು, ಅದೊಂದು ಮಾತನ್ನು ಸರಿಯಾಗಿಯೇ ಆಡಿದ್ದ! ಅದಕ್ಕೇ ಜ್ಯೋತಿಗೆ ಅವನ ಮೇಲೆ ಇನ್ನಷ್ಟು ಸಿಟ್ಟು ಉಕ್ಕಿತು.

ಅವನು ನಾಯಿಯನ್ನು ಅನಾಮತ್ತಾಗಿ ಎತ್ತಿ ಕೆಳಗಿಳಿಸಿ, ಹಗ್ಗವನ್ನು ಅವಳ ಕೈಗೆ ತುರುಕಿದ. "ಈಗ ತೆಗೀರಿ ಫೋಟೋ. ನೇರ ಮುಖ. ಸಾಯಂಕಾಲದೊಳಗೆ ಗುಂಪಲ್ಲಿ ಬರ್ಬೇಕು. ಇಲ್ದಿದ್ರೆ ನಾನೇ ಬರೀತೀನಿ, ನೀವು ಹೆಂಗೆ ಟೋಪಿ ಹಾಕಿದ್ರಿ ಅಂತ."

"ಬರೀರಿ. ನೀವು ಮೊದ್ಲ ಇಲ್ಲಿಂದ ಹೋಗ್ರಿ. ನಿಮ್ಮ ಮಾರಿ ನೋಡೂದ ನನಗ ಅಪಶಕುನ."

"ಪೋಲಾಮಾ ಸಾರ್?" ಎಂದು ಆಟೋದವನು ತಮಿಳಿನಲ್ಲಿ ಹೊರಡಲು ಅವಸರಿಸಿದ. ರಮೇಶ್ ಹತ್ತಿ ಕೂತ. ನಾಯಿಯ ಕಡೆ ತಿರುಗಿಯೂ ನೋಡಲಿಲ್ಲ. ಹಿಂದೆ ಓಡಲು ಹೋದ ನಾಯಿ ಹಗ್ಗ ಬಿಗಿದು ಮುಗ್ಗರಿಸಿತು. ಎದ್ದು ಮತ್ತೆ ಎಳೆಯಿತು. ಜ್ಯೋತಿಯ ಅಂಗೈ ತರಚಿ ಉರಿಯತೊಡಗಿತು.

ಅವಳು ಹಗ್ಗವನ್ನು ಗೇಟಿನ ಕಂಬಕ್ಕೆ ಕಟ್ಟಿ, ಒಳಗೆ ಅಂಗಳದಲ್ಲಿ ಮಂಡಿಯೂರಿ ಕ್ಯಾಮೆರಾ ಎತ್ತಿದಳು. ಚಪ್ಪಾಳೆ ತಟ್ಟಿದಳು, ಶಿಳ್ಳೆ ಹಾಕಿದಳು. "ಏ, ಇತ್ತಾಗ ನೋಡೋ," ಎಂದು ಗದರಿದಳು. ಆಮೇಲೆ ಅಂಗಲಾಚಿದಳು. ಅದು ಜಪ್ಪಯ್ಯ ಎನ್ನಲಿಲ್ಲ. ಉಳಿದಿದ್ದ ಒಂದು ಕಣ್ಣನ್ನು ಆಟೋ ಹೋದ ರಸ್ತೆಯ ಮೇಲೆ ನೆಟ್ಟು ಕೂತಿತ್ತು. ಅವಳಿಗೆ ಕಂಡದ್ದು ಹೊಲಿಗೆ ಹಾಕಿದ ರೆಪ್ಪೆ ಮಾತ್ರ.

ಜ್ಯೋತಿ ಅದರದೇ ಫೋಟೋ ತೆಗೆದಳು.