ಚಂದ್ರಶಿಲೆ ಮರಳಿ ದೊರೆತ ಸ್ಥಳ

ಮಾವನವರ ಶಾಲು ತರಲು ಬೀರು ತೆರೆದ ಸೊಸೆಯ ಕೈಗೆ ಉಣ್ಣೆಬಟ್ಟೆಗಳ ಅಡಿಯಲ್ಲಿ ಗಾಜಿನಂಥ ಗುಂಡೊಂದು ತಗುಲಿತು. ಅದರೊಳಗೆ ಹೆಬ್ಬೆರಳಿನ ಉಗುರಿನಷ್ಟು ಕಪ್ಪು ಕಲ್ಲು. ವಸ್ತುಸಂಗ್ರಹಾಲಯದಲ್ಲಿ ವಿವರಫಲಕ ಬರೆಯುವುದೇ ಅವಳ ಉದ್ಯೋಗ. ಕಳುವಾದ ಚಂದ್ರಶಿಲೆಯ ಚಿತ್ರವನ್ನು ಅದರ ಖಾಲಿ ಪೀಠದ ಮೇಲೆ ದಿನವೂ ಕಂಡವಳು. ಗುರುತು ಹಿಡಿಯಲು ತಡವಾಗಲಿಲ್ಲ.

ಶಿಲೆ ಕಾಣೆಯಾದಾಗ ಅಲ್ಲಿನ ನಿರ್ದೇಶಕರು ಈ ಮಾವನವರೇ. ಕಳ್ಳನೆಂಬ ಹಣೆಪಟ್ಟಿ ಹೊತ್ತು ಕೆಲಸ ಕಳೆದುಕೊಂಡವನು ಮಾತ್ರ ಕಾವಲುಗಾರ. ಈಗ ಅವನು ಬೀದಿಯ ತಿರುವಿನಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಾನೆ. ಊರಿಗೆಲ್ಲ ಅವನು ‘ಚಂದ್ರಕಳ್ಳ’.

ಅವಳು ಗುಂಡನ್ನು ತಂದು ಮಾವನವರ ಕಾಫಿಲೋಟದ ಪಕ್ಕದಲ್ಲಿಟ್ಟಳು.

“ಗೋಡೆಗೆ ಬಣ್ಣ ಹೊಡೀತಿದ್ರು. ಜೋಪಾನವಾಗಿರಲಿ ಅಂತ ಮನೆಗೆ ತಂದೆ,” ಎಂದರು ಮಾವ. “ಅಷ್ಟರಲ್ಲಿ ಗುಲ್ಲೆದ್ದಿತು. ಆಮೇಲೆ ಬಾಯಿ ಬಿಡೋದು ಹೇಗೆ?”

“ಕಲ್ಲನ್ನ ಜೋಪಾನ ಮಾಡಿದ್ರಿ ಮಾವ. ಕಾವಲುಗಾರನ್ನ?”

ಅತ್ತೆ ನಡುವೆ ಬಂದರು. “ಚಂದ್ರನಿಗೇ ಕಲೆ ಇದೆಯಲ್ಲಮ್ಮ, ನಿನ್ನ ಮಾವನಿಗೆ ಒಂದು ಇರಬಾರದಾ?”

“ಚಂದ್ರ ತನ್ನ ಕಲೇನ ಇನ್ನೊಬ್ಬರ ಮುಖಕ್ಕೆ ಬಳಿಯೋದಿಲ್ಲ ಅತ್ತೆ.”

ಗಂಡ ಪಿಸುಗುಟ್ಟಿದ: “ಹಾವೂ ಸಾಯಬಾರದು, ಕೋಲೂ ಮುರೀಬಾರದು. ಉಗ್ರಾಣದಲ್ಲಿ ಸಿಕ್ತು ಅಂದ್ಬಿಡೇ.”

“ಕೋಲಿನ ಏಟು ತಿಂದೋನು ತಿರುವಲ್ಲೇ ನಿಂತಿದಾನೆ. ಅವನಿಗೂ ಇದನ್ನೇ ಹೇಳ್ಲಾ?”

“ಆ ಕಲ್ಲು ಹೊಸ್ತಿಲು ದಾಟಿದ್ರೆ ಮನೆ ಮರ್ಯಾದೆ ಹೋಗತ್ತೆ!” ಎಂದು ಮಾವ ಗುಡುಗಿದರು.

“ಅದು ಹೊಸ್ತಿಲು ದಾಟಿ ಒಳಗೆ ಬಂದ ದಿನಾನೇ ಹೋಯ್ತು ಮಾವ.”

ಮತ್ತೊಬ್ಬನ ಮಾನವನ್ನು ಕಿತ್ತು ಹೊದ್ದು ಬೆಚ್ಚಗಿರುವ ಮನೆತನಕ್ಕೆ ಮರ್ಯಾದೆಯೆಂಬ ಮಾತನ್ನು ಉಚ್ಚರಿಸುವ ಅಧಿಕಾರವೆಲ್ಲಿದೆ? ಸೊಸೆ ಗುಂಡನ್ನು ಸೆರಗಿನಲ್ಲಿ ಮರೆಮಾಡದೆ, ಅಂಗೈಯಲ್ಲಿ ಎಲ್ಲರಿಗೂ ಕಾಣುವಂತೆ ಹಿಡಿದು ಬೀದಿಗಿಳಿದಳು.

ಸಂಗ್ರಹಾಲಯದಲ್ಲೊಂದು ಕಟ್ಟುನಿಟ್ಟಾದ ನಿಯಮವಿತ್ತು. ದೊರೆತ ಸ್ಥಳವನ್ನು ನಮೂದಿಸದೆ ಯಾವ ವಸ್ತುವನ್ನೂ ಪ್ರದರ್ಶಿಸಕೂಡದು. ಕಳೆದುಹೋಗಿ ಸಿಕ್ಕಿದ್ದಾದರೆ, ಮರಳಿ ದೊರೆತ ಸ್ಥಳವನ್ನೂ ಬರೆಯತಕ್ಕದ್ದು. ನಿಯಮ ರೂಪಿಸಿದವರು ಮಾವನವರೇ. ಅವಳು ಅದನ್ನು ಅಕ್ಷರಶಃ ಪಾಲಿಸಿದಳು.

ಫಲಕ ನೋಡಿದ ಈಗಿನ ನಿರ್ದೇಶಕರು ಬೆವರಿದರು. “ಎರಡನೇ ಸಾಲು ಬೇಡಮ್ಮ. ಹಿರಿಯರು, ನಿಮ್ಮ ಮನೆಯವರೇ ಬೇರೆ...”

“ಸಾಲು ಬೇಡ ಅಂದ್ರೆ ಕಲ್ಲೂ ಬೇಡ ಸರ್. ಪೊಲೀಸರ ಹತ್ರ ಒಯ್ತೀನಿ. ಅವರಿಗೆ ಎರಡನೇ ಸಾಲೊಂದೇ ಸಾಕು.”

ನಿರ್ದೇಶಕರು ಸಹಿ ಹಾಕಿದರು.

ಮರುದಿನ ಅವಳು ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಡಿಸಿ ಕಾವಲುಗಾರನನ್ನು ಕರೆತಂದಳು. ತನ್ನನ್ನು ಹೊರದಬ್ಬಿದ್ದ ಬಾಗಿಲಲ್ಲಿ ಅವನು ಒಂದು ಗಳಿಗೆ ಅಳುಕಿ ನಿಂತು, ಬಳಿಕ ಒಳಬಂದ. ಅವನ ಕಣ್ಣು ಮಂಜಾಗಿದ್ದುದರಿಂದ ಫಲಕವನ್ನು ಅವಳೇ ಓದಿದಳು:

“ದೊರೆತ ಸ್ಥಳ: ಚಂದ್ರ. ಮರಳಿ ದೊರೆತ ಸ್ಥಳ: ಮಾಜಿ ನಿರ್ದೇಶಕರ ಮನೆ, ಶಾಲುಗಳ ಬೀರು.”

ಸುತ್ತಲಿದ್ದವರು ಮಾತು ನಿಲ್ಲಿಸಿ ತಿರುಗಿದರು. ಕಾವಲುಗಾರ ತಲೆಯೆತ್ತಿದ.

“ಇನ್ನೊಂದ್ಸಲ ಓದಮ್ಮ. ಸ್ವಲ್ಪ ಗಟ್ಟಿಯಾಗಿ.”

ಅವಳು ಓದಿದಳು, ಬೀದಿಗೆ ಕೇಳುವಂತೆ.